ಬೆಂಚಿನ ಕೆಳಗಿನ ಕತ್ತರಿ

ಗ್ಲಾಸ್ಟರ್ ಸೀಮೆಯ ಗುಡ್ಡಗಳಲ್ಲಿ ಆಂಬ್ರೋಸ್ ಪಿನಕ್‌ನಷ್ಟು ನೆಮ್ಮದಿಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಮೈತುಂಬ ಉಣ್ಣೆ ಹೊತ್ತ ಕುರಿಗಳು, ಕುರಿಮಾಂಸದ ಪೈ, ಮನೆಯಲ್ಲೇ ಇಳಿಸಿದ ಬಿಯರು, ಗದರಿದರೂ ಗಂಡನನ್ನು ಬಿಟ್ಟುಕೊಡದ ಹೆಂಡತಿ ಅರ್ಸುಲಾ. ಇಷ್ಟಿದ್ದರೆ ಲಂಡನ್ನಿನಲ್ಲಿ ಯಾವ ರಾಜ ಬಂದ, ಯಾರ ತಲೆ ಹೋಯಿತು ಎಂಬ ಗೊಡವೆ ಅವನಿಗೆ ಬೇಕಿರಲಿಲ್ಲ. ಅವನಿಗಿದ್ದ ಒಂದೇ ಡೌಲೆಂದರೆ ಅಗ್ಗಿಷ್ಟಿಕೆಯ ಮೇಲಿನ ಹಲಗೆಯ ಕೆಂಪು ಸಿಂಹ. ಮುತ್ತಜ್ಜ ಗ್ರೆಗರಿ ಫ್ರಾನ್ಸಿನ ಯುದ್ಧದಲ್ಲಿ ಗಳಿಸಿದ ಲಾಂಛನ ಅದು ಎಂದು ಹೇಳಿ ಅಪ್ಪ ಬರೆಸಿದ್ದ. ಸಿಂಹವನ್ನು ಎಂದೂ ಕಾಣದ ಬಣ್ಣಗಾರ ಅದಕ್ಕೆ ಟಗರಿನ ಮೂತಿ ಇಟ್ಟಿದ್ದ. ಆದರೂ ಅದರ ಬಲದಿಂದಲೇ ಪಿನಕ್ ಮನೆತನ ಕುಲೀನರದ್ದು, ಚರ್ಚಿನಲ್ಲಿ ಅವರದು ಎಲ್ಲರಿಗಿಂತ ಮುಂದಿನ ಬೆಂಚು.

ಆ ಬೇಸಿಗೆಯಲ್ಲಿ ವಂಶ ಪರೀಕ್ಷಿಸಲು ರಾಜನ ಕಡೆಯ ಅಧಿಕಾರಿ ಬಂದ. ಲಾಂಛನಕ್ಕೆ ಹಕ್ಕಿಲ್ಲದವನನ್ನು ಕುಲೀನನಲ್ಲವೆಂದು ಸಂತೆಯಲ್ಲಿ ಹೆಸರು ಹಿಡಿದು ಸಾರಿಸುವುದು ಅವರ ಪದ್ಧತಿ. ಸುದ್ದಿ ಕೇಳಿದಾಗಿನಿಂದ ಆಂಬ್ರೋಸನ ಊಟ ಅರ್ಧಕ್ಕಿಳಿದಿತ್ತು.

ಬಂದವನ ಊಟಕ್ಕೇನೂ ಕೊರತೆಯಾಗಲಿಲ್ಲ. ಎರಡೆರಡು ಸಲ ಬಡಿಸಿಕೊಂಡು, ಬಾಯೊರೆಸಿಕೊಂಡು, ಹಲಗೆಯ ಕಡೆ ನೋಡಿದ.

"ಇದು ಯಾವ ಪ್ರಾಣಿ, ಪಿನಕ್ ಅವರೇ?"

"ಸಿಂಹ, ಸ್ವಾಮಿ."

"ಸರಿ, ನೀವಂದ್ಮೇಲೆ ಸಿಂಹಾನೇ. ನಿಮ್ಮ ಮುತ್ತಜ್ಜನ ಸಮಾಧಿ ಕಲ್ಲೆಲ್ಲಿದೆ? ಅದರ ಮೇಲೂ ಇದೇ ಇದ್ರೆ ನನ್ನ ಕೆಲಸ ಮುಗೀತು."

ಕಲ್ಲು ಈಚಿನ ಅಂತರ್ಯುದ್ಧದಲ್ಲಿ ಒಡೆದುಹೋಯಿತು ಅಂದಿದ್ದರೆ ಸಾಕಿತ್ತು. ಸಿಪಾಯಿಗಳು ಎಷ್ಟೋ ಚರ್ಚುಗಳನ್ನು ಹಾಳುಗೆಡವಿದ್ದರು, ಯಾರೂ ಅನುಮಾನಪಡುತ್ತಿರಲಿಲ್ಲ. ಅವನು ಅದನ್ನೇ ಹೇಳಲಿ ಎಂದು ಅರ್ಸುಲಾ ಮೇಜಿನ ಕೆಳಗೆ ಗಂಡನ ಕಾಲು ತುಳಿದಳು.

ಆದರೆ ಕಲ್ಲು ಎಲ್ಲಿದೆಯೆಂದು ಆಂಬ್ರೋಸನಿಗೆ ಗೊತ್ತಿತ್ತು. ಚಿಕ್ಕವನಿದ್ದಾಗ, ಪಾದ್ರಿಯ ಉಪದೇಶ ಕೇಳಿ ಬೇಸರವಾಗಿ, ತಮ್ಮ ಬೆಂಚಿನಡಿ ತೂರಿ, ಚರ್ಚಿನ ನೆಲಕ್ಕೆ ಹಾಸಿದ್ದ ಆ ಸಮಾಧಿ ಕಲ್ಲಿನ ಕೆತ್ತನೆಯನ್ನು ಬೆರಳಿನಿಂದ ಸವರಿದ್ದ. ಅಲ್ಲಿದ್ದದ್ದು ಸಿಂಹವಲ್ಲ, ಉಣ್ಣೆ ಕತ್ತರಿ. ಗ್ರೆಗರಿ ಕಂಡವರ ಕುರಿಗಳ ಉಣ್ಣೆ ಕತ್ತರಿಸಿ, ಆ ಕೂಲಿಯಲ್ಲಿ ಕುರಿ ಕೊಂಡು, ಆಮೇಲೆ ಹೊಲ ಕೊಂಡವನು. ಅದನ್ನು ಮುಚ್ಚಲೆಂದೇ ಅಪ್ಪ ಅಲ್ಲಿ ಬೆಂಚು ಹಾಕಿಸಿದ್ದ. ಅಂದಿನಿಂದ ಭಾನುವಾರ ಬಂದರೆ ಆಂಬ್ರೋಸ್ ಮುತ್ತಜ್ಜನ ಎದೆಯ ಮೇಲೆ ಬೂಟುಗಾಲಿಟ್ಟೇ ಪ್ರಾರ್ಥಿಸುತ್ತಿದ್ದ. ಈಗ ಇನ್ನೊಂದು ಸುಳ್ಳು ಹೇಳಿ ಆ ಮನುಷ್ಯನನ್ನು ಮತ್ತೊಮ್ಮೆ ಹೂಳಲು ಅವನಿಗೆ ಮನಸ್ಸು ಬರಲಿಲ್ಲ.

"ಬನ್ನಿ, ತೋರಿಸ್ತೀನಿ. ಬೆಂಚು ಸರಿಸೋಕೆ ನೀವೂ ಒಂದು ಕೈ ಹಾಕ್ಬೇಕಾಗುತ್ತೆ."

"ನಿಮಗೇನು ತಲೆ ಕೆಟ್ಟಿದೆಯೇನ್ರಿ?" ಅಂದಳು ಅರ್ಸುಲಾ.

"ಅಜ್ಜನ್ನ ತುಳಿದೂ ತುಳಿದೂ ಸಾಕಾಯ್ತು ಕಣೇ."

ಚರ್ಚಿನಲ್ಲಿ ಬೆಂಚು ಸರಿಸಿ ಕತ್ತರಿ ಕಂಡ ಅಧಿಕಾರಿ ತಲೆಯಾಡಿಸಿದ. "ಸಿಂಹ ಇಳಿಸ್ಬೇಕಾಗುತ್ತೆ. ಸಂತೇಲಿ ಸಾರಿಸ್ದೆ ನನಗೂ ವಿಧಿಯಿಲ್ಲ." ಅರ್ಸುಲಾ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಹಲಗೆಯನ್ನು ಹಿಟ್ಟಿನ ಪೆಟ್ಟಿಗೆಗೆ ಮುಚ್ಚಳ ಮಾಡಿಕೊಂಡಳು.

ಸಂತೆಯ ದಿನ ಡಂಗುರದ ನಥಾನಿಯಲ್ ಗಂಟೆ ಬಾರಿಸಿ, ಆಂಬ್ರೋಸ್ ಪಿನಕ್ ಕುಲೀನನಲ್ಲವೆಂದು ಊರಿಗೆಲ್ಲ ಕೇಳುವಂತೆ ಕೂಗಿದ. ಟಗರು ಮಾರಲು ಬಂದಿದ್ದ ಆಂಬ್ರೋಸ್ ಅಲ್ಲೇ ನಿಂತಿದ್ದ. ಅವನ ಕಿವಿ ಕೆಂಪಾಯಿತು. ಹಿಂದಿನಿಂದ ಯಾರೋ ಮುಸಿಮುಸಿ ನಕ್ಕರು. ಕೂಗಿ ಮುಗಿಸಿದ ನಥಾನಿಯಲ್ ಗಂಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೇರವಾಗಿ ಅವನ ಬಳಿಗೇ ಬಂದು, ಎಂದಿನಂತೆ ಟೋಪಿ ತೆಗೆದ.

"ಧಣಿ, ಈ ಸಲ ಉಣ್ಣೆ ಕತ್ತರಿಸೋ ಹಬ್ಬದೂಟ ಯಾವತ್ತು? ಹೆಂಗೂ ಗಂಟೆ ಕೈಯಲ್ಲಿದೆ, ಸಾರಿಬಿಡ್ಲಾ?"

ಆಂಬ್ರೋಸ್ ಅವನ ಕೈಯಲ್ಲಿದ್ದ ಟೋಪಿಯನ್ನೇ ನೋಡಿದ. ನಗುವೂ ಬಂತು, ಕಣ್ಣೂ ತುಂಬಿತು.

"ಗುರುವಾರ ಅನ್ನು. ಕತ್ತರಿ ಗ್ರೆಗರಿ ಮರಿಮಗ ಕರೀತಿದಾನೆ ಅನ್ನು. ಆಗ ಕೂಗಿದ್ದಕ್ಕಿಂತ ಗಟ್ಟಿಯಾಗಿ ಕೂಗು."