ಬೆನ್ನು ತಾಗಿದ ಮೇಲೆ

ಇದು ಹೀಗೇ ನಡೆಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು ಎಂಬುದು ಖಚಿತ, ಯಾಕೆಂದರೆ ಆಗ ನನ್ನ ಜೇಬಿನಲ್ಲಿ ಮೊಬೈಲ್ ಇತ್ತು, ಮೊಳಕಾಲ್ಮೂರಿನಲ್ಲಿ ಅದಕ್ಕೆ ಸಿಗ್ನಲ್ ಇರಲಿಲ್ಲ. ಬೇಸಿಗೆ ಎಂದು ನೆನಪು. ಆದರೆ ನಮ್ಮ ಕಡೆಯವರು ನೆನಪಿಸಿಕೊಳ್ಳುವುದೆಲ್ಲ ಬೇಸಿಗೆಯಲ್ಲೇ ನಡೆದಿರುತ್ತದೆ, ಹಾಗಾಗಿ ಅದನ್ನು ಸಾಕ್ಷಿ ಎಂದು ತೆಗೆದುಕೊಳ್ಳುವಂತಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಇನ್ನೂರು ಜನ ಒಂದೇ ಮಾತು ಹೇಳಿದರೆ ಅದು ನಿಜವಿರಬಹುದು, ಅಥವಾ ಇನ್ನೂರು ಜನರೂ ಒಬ್ಬನ ಬಾಯಿಂದ ಕೇಳಿರಬಹುದು ಎಂದು ಅಲ್ಲಿ ಕಲಿತಿದ್ದೆ. ಕಲಿತದ್ದನ್ನು ನನ್ನ ಮೇಲೆ ಪ್ರಯೋಗಿಸುವುದಕ್ಕೆ ಬಹಳ ವರ್ಷ ಬೇಕಾಯಿತು.

ಭಾವ ಎಂದರೆ ನನ್ನ ಸೋದರತ್ತೆಯ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊರುತ್ತಿದ್ದ. ಹಗಲು ಚೀಲ, ಬೆಳಗ್ಗೆ ಸಂಜೆ ಗರಡಿಮನೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಎರಡು ತಾಲೂಕಿನಲ್ಲಿ ಅವನೊಂದಿಗೆ ಕುಸ್ತಿ ಹಿಡಿಯಲು ಯಾರೂ ಉಳಿದಿರಲಿಲ್ಲ. ಅವನಿಗೆ ಇದರಿಂದ ಸಂತೋಷವೇನೂ ಆಗಲಿಲ್ಲ, ಬೇಸರವಾಯಿತು.

ನಮ್ಮ ಮಣ್ಣಿನ ಕುಸ್ತಿಯ ಕಾನೂನು ಒಂದೇ ಸಾಲಿನದು. ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಆಮೇಲೂ ಕೈ ಮಾಡುವವನನ್ನು ಜನ ಮನುಷ್ಯ ಎಂದು ಕರೆಯುವುದಿಲ್ಲ. ಗೆದ್ದವನು ತಕ್ಷಣ ಎದ್ದು, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು, ಬಿದ್ದವನನ್ನು ಕೈಹಿಡಿದು ಎಬ್ಬಿಸಬೇಕು. ಅಷ್ಟು ಹೊತ್ತು ನಿಧಾನವಾಗಿ ನಡೆಯುತ್ತಿದ್ದ ಉರುಮೆಯ ಬಡಿತ ಆಗ ಏಕಾಏಕಿ ಗೆಲುವಿನ ಬಡಿತಕ್ಕೆ ತಿರುಗುತ್ತದೆ. ಹಿಂದೆ ನಿಂತು ಏನೂ ಕಾಣದವರಿಗೂ ಮುಗಿಯಿತು ಎಂದು ತಿಳಿಯುವುದು ಆ ವಾದ್ಯದಿಂದಲೇ.

ಬಳ್ಳಾರಿಯಲ್ಲಿ ಜಿಮ್ ನಡೆಸುತ್ತಿದ್ದ ಒಬ್ಬ ಹಳೆಯ ಬಾಕ್ಸರ್ ಭಾವನನ್ನು ನೋಡಿದ್ದು ಚಳ್ಳಕೆರೆಯ ಒಂದು ಕುಸ್ತಿಯಲ್ಲಿ. ಗುದ್ದು, ಒದೆ, ಕುಸ್ತಿ ಮೂರೂ ಸೇರಿದ ಹೊಸ ಆಟ ಬಂದಿದೆ, ಕಬ್ಬಿಣದ ಜಾಲರಿಯೊಳಗೆ ಆಡುವುದು, ನೀನು ಬಂದರೆ ಕಲಿಸುತ್ತೇನೆ ಎಂದರು. ಭಾವ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಳ್ಳಾರಿಗೆ ಹೋಗತೊಡಗಿದ. ಗುರುಗಳು ಒಂದು ಊಟದ ಪಟ್ಟಿ ಬರೆದುಕೊಟ್ಟರು. ಅದರಲ್ಲಿ ದಿನಕ್ಕೆ ಮೂರು ಸಲ ಕೋಳಿ ಇತ್ತು. ನಮ್ಮ ಹಟ್ಟಿಯಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಹೊರಗಿಂದ ಒಳಗೆ ತರುವುದೂ ಇಲ್ಲ. ಭಾವ ಪಟ್ಟಿಯನ್ನು ವಾಪಸ್ ಕೊಟ್ಟ.

"ನಮ್ಮಲ್ಲಿ ಕೋಳಿ ಮುಟ್ಟಲ್ಲ ರಿ."

"ಮೊಟ್ಟೆ?"

"ಅದು ಎಲ್ಲಿಂದ ಬರುತ್ತೆ ರಿ?"

ಗುರುಗಳು ಪಟ್ಟಿ ಮಡಚಿ ಜೇಬಿಗಿಟ್ಟರಂತೆ. "ಮತ್ತೆ ಏನ್ ತಿಂತೀಯಪ್ಪ?"

"ಹುರುಳಿ ಐತೆ, ಶೇಂಗಾ ಐತೆ. ಮರಿ ಕೊಯ್ದ ದಿನ ಮರಿ."

ಮುಂದೆ ಭಾವ ಸೋತಾಗಲೆಲ್ಲ ಗುರುಗಳು ಅದಕ್ಕೆ ಕೋಳಿಯನ್ನೇ ಕಾರಣ ಮಾಡಿದರು. ಸೋತದ್ದು ಒಂದೇ ಸಲವಾದ್ದರಿಂದ ಈ ವಾದಕ್ಕೆ ಆಧಾರ ಸಾಲದು.

ಬಳ್ಳಾರಿಯಲ್ಲಿ ಎರಡು ಪಂದ್ಯ ಆಡಿದ, ಎರಡನ್ನೂ ಗೆದ್ದ. ಎರಡರಲ್ಲೂ ಎದುರಾಳಿಯನ್ನು ಕೆಡವಿ, ಮೇಲೆ ಕುಳಿತು ಗುದ್ದಿ, ಅವನು ಸೋತೆ ಎಂದು ಕೈತಟ್ಟುವವರೆಗೆ ಕತ್ತು ಬಿಗಿಹಿಡಿದ. ಅಂದರೆ ಬೆನ್ನು ತಾಗಿದರೆ ಈ ಆಟ ಮುಗಿಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗೊತ್ತಿತ್ತು, ಇಷ್ಟವಿರಲಿಲ್ಲ. ಎರಡನೆಯ ಪಂದ್ಯ ಗೆದ್ದು ಬಂದವನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, "ಬಿದ್ದೋನ್ನ ಹೊಡೆಯೋಕೆ ಯಾಕೋ ಕೈ ಬರಲ್ಲ ಕಣಲೇ. ಹೊಡೆದ ಮ್ಯಾಲೆ ಕೈ ತೊಳಕೊಂಡೆ" ಎಂದ. ನಾನು ಅದು ಬರೀ ರೂಢಿ, ಬಿಡಿಸಿಕೊಳ್ಳಬಹುದು ಎಂದು ವಿವರಿಸಿದೆ. ಆ ದಿನಗಳಲ್ಲಿ ಎಲ್ಲವನ್ನೂ ವಿವರಿಸುತ್ತಿದ್ದೆ.

ಮೂರನೆಯ ಪಂದ್ಯ ಮೊಳಕಾಲ್ಮೂರಿನಲ್ಲಿ ನಡೆಯಬೇಕೆಂದು ಗುರುಗಳೇ ಹಟ ಹಿಡಿದರು. ಮುಂಬಯಿಯಿಂದ ಒಬ್ಬರು ಬರುವವರಿದ್ದರು. ಅವರು ಅಲ್ಲಿ ಇಂಥ ಪಂದ್ಯಗಳಿಗೆ ಹುಡುಗರನ್ನು ತಯಾರು ಮಾಡುವವರು. ಈ ಪಂದ್ಯ ಗೆದ್ದವನನ್ನು ತಮ್ಮೊಡನೆ ಕರೆದೊಯ್ದು, ಊಟ ವಸತಿ ಕೊಟ್ಟು, ವರ್ಷಪೂರ್ತಿ ತರಬೇತಿ ಕೊಡುವುದು ಎಂದು ಮಾತಾಗಿತ್ತು. ಸೋತವನು ಇದ್ದಲ್ಲೇ ಇರುವುದು. ಭಾವನಿಗೆ ಆಗ ಇಪ್ಪತ್ತೊಂಬತ್ತು. ಇನ್ನೊಂದು ಅವಕಾಶಕ್ಕೆ ವಯಸ್ಸು ಕಾಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ತಡವಾಗಿ ಬಂದರೆ ಅವನಿಗಾಗಿ ಕಾಯದ ಮಿಲ್ಲಿನ ಮೇಸ್ತ್ರಿಗೂ ಗೊತ್ತಿತ್ತು.

ಅತ್ತೆಗೆ ಮಾತ್ರ ಇದು ಯಾವುದೂ ಹಿಡಿಸಲಿಲ್ಲ.

"ಬೋನಲ್ಲಿ ಹಾಕಿ ಬೀಗ ಹಾಕ್ತಾರಂತೆ, ನಿಜಾನಾ ಅಳಿಯಪ್ಪ?" ಎಂದು ನನ್ನನ್ನು ಕೇಳಿದರು.

"ಚಿಲಕ ಅಷ್ಟೇ ಅತ್ತೆ, ಬೀಗ ಇಲ್ಲ."

"ಚಿರತೆಗೂ ಚಿಲಕಾನೇ ಹಾಕೋದು."

"ಅವ್ವ, ನೀನು ಸುಮ್ಕಿರು," ಎಂದ ಭಾವ. "ಈ ಸಲ ಗೆದ್ರೆ ಚೀಲ ಹೊರೋದು ತಪ್ಪುತ್ತೆ."

"ಚೀಲ ತಿರುಗಿ ಹೊಡೆಯಲ್ಲ ಕಣಪ್ಪ," ಎಂದರು ಅತ್ತೆ.

ಆ ಬೋನನ್ನು ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಮಾಡುವ ಒಂದು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದರು. ಅದಕ್ಕೆ ಟ್ರೈಲರಿನ ಬಣ್ಣವನ್ನೇ ಬಳಿದಿದ್ದರು, ನೀಲಿ. ಆಟ ನಿಂತುಹೋಗಿದ್ದ ಒಂದು ಟಾಕೀಸಿನ ಪರದೆಯ ಮುಂದೆ ಅದನ್ನು ನಿಲ್ಲಿಸಿದರು. ಮಧ್ಯಾಹ್ನ ಮೂರಕ್ಕೆ ಪಂದ್ಯ. ಬಿ.ಜಿ. ಕೆರೆ ಕಡೆಯವರು ಲಾರಿಯಲ್ಲಿ ಬಂದರು, ರೇಷ್ಮೆ ಮಗ್ಗದವರು ಅರ್ಧ ದಿನ ಕೆಲಸ ನಿಲ್ಲಿಸಿ ಬಂದರು. ಹಿಂದಿನ ಸಾಲಿನಲ್ಲಿ ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಎಲ್ಲರೂ ಕುಸ್ತಿ ನೋಡಿ ಬೆಳೆದವರು. ಊರಿನ ಹಿರಿಯರಿಗೆ ಉರುಮೆ ಇಲ್ಲದ ಕುಸ್ತಿ ಕಲ್ಪನೆಗೇ ಬಾರದ್ದರಿಂದ, ಯಾರನ್ನೂ ಕೇಳದೆ ಅದನ್ನೂ ಕರೆಸಿದ್ದರು. ನಾನು ಚಿಕ್ಕಂದಿನಿಂದ ನೋಡಿದ್ದ ವಯಸ್ಸಾದ ವಾದ್ಯದವರೊಬ್ಬರು ಬಂದಿದ್ದರು. ಬಳ್ಳಾರಿಯ ಗುರುಗಳು ಅವರನ್ನು ನೋಡಿ, "ಇರಲಿ, ಮುಂಬಯಿಯವರಿಗೆ ಚೆಂದ ಕಾಣುತ್ತೆ" ಎಂದರು. ಈ ನಿರ್ಧಾರಕ್ಕೆ ನಾನೂ ತಲೆಯಾಡಿಸಿದೆ ಎಂದು ಕಾಣುತ್ತದೆ.

ಬೋನಿನ ಹೊರಗೆ ಭಾವನ ಮೂಲೆಯಲ್ಲಿ ಇಬ್ಬರು ನಿಲ್ಲಬಹುದಿತ್ತು. ಗುರುಗಳು ಒಬ್ಬರು, ನಾನು ಒಬ್ಬ. ಇಂಗ್ಲಿಷಿನಲ್ಲಿದ್ದ ನಾಲ್ಕು ಪುಟದ ನಿಯಮಗಳನ್ನು ಓದಿ ಹೇಳಿದವನು ನಾನೇ ಎಂಬುದು ನನ್ನ ಅರ್ಹತೆ. ಹಿಂದಿನ ದಿನ ಸಂಜೆ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ ಮತ್ತೊಮ್ಮೆ ಹೇಳಿದ್ದೆ.

"ಭಾವ, ಬೆನ್ನು ತಾಗಿದ್ರೆ ಏನು?"

"ಏನೂ ಇಲ್ಲ."

"ಯಾವಾಗ ಬಿಡಬೇಕು?"

"ಅವನು ಕೈ ತಟ್ಟಿದ್ರೆ, ಇಲ್ಲ ರೆಫ್ರಿ ಎಳೆದ್ರೆ. ಲೇ, ನನಗೇನು ಪರೀಕ್ಷೆ ಐತೇನಲೇ? ಮಿರ್ಚಿ ತಿನ್ನು, ಆರ್ತೈತೆ."

ಎದುರಾಳಿ ಪುಣೆ ಕಡೆಯವನು. ಉದ್ದ ಕೈ, ಸಣ್ಣ ಸೊಂಟ, ಬಾಯಲ್ಲಿ ಒಂದು ಮಾತಿಲ್ಲ. ಮೊದಲ ಸುತ್ತಿನಲ್ಲಿ ಭಾವ ಹತ್ತಿರ ಹೋಗಲು ನೋಡಿದಾಗಲೆಲ್ಲ ಅವನ ಎಡಗೈ ಮೊದಲೇ ಅಲ್ಲಿರುತ್ತಿತ್ತು. ಐದು ನಿಮಿಷದಲ್ಲಿ ಭಾವನ ಒಂದು ಕಣ್ಣು ಊದಿ ಮುಚ್ಚಿತು. ಹಿಂದಿನಿಂದ ಯಾರೋ, "ಏಮಪ್ಪಾ, ಮುದ್ದೆ ತಿಂದು ಬಂದಿಲ್ವಾ?" ಎಂದು ಕೂಗಿದರು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಮುಂಬಯಿಯವರು ಕೈಗಡಿಯಾರ ನೋಡಿಕೊಂಡರು. ನಾನು ನೀರು ಕುಡಿಸಿದೆ. ಭಾವ, "ಒಂದ್ಸಲ ಸೊಂಟ ಸಿಕ್ರೆ ಸಾಕು" ಎಂದ.

ಎರಡನೆಯ ಸುತ್ತಿನಲ್ಲಿ ಸೊಂಟ ಸಿಕ್ಕಿತು. ಒದೆಯಲೆಂದು ಅವನು ಎತ್ತಿದ ಕಾಲನ್ನು ಭಾವ ಕಂಕುಳಲ್ಲಿ ಹಿಡಿದು, ಒಳಗೆ ನುಗ್ಗಿ, ಶೇಂಗಾ ಚೀಲವನ್ನು ಬೆನ್ನಿಗೆ ಹಾಕಿಕೊಳ್ಳುವ ರೀತಿಯಲ್ಲೇ ಅವನನ್ನು ಎತ್ತಿ ಕೆಡವಿದ. ಎರಡೂ ಭುಜ ಒಟ್ಟಿಗೆ ತಾಗಿದ ಸದ್ದು ಟಾಕೀಸಿನ ಗೋಡೆಗೆ ಬಡಿದು ಬಂತು. ಅಷ್ಟು ಸ್ವಚ್ಛವಾದ ಚಿತ್ ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಇಲ್ಲಿಂದ ಮುಂದಿನದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ಕ್ರಮ. ಉರುಮೆ ಗೆಲುವಿನ ಬಡಿತಕ್ಕೆ ತಿರುಗಿತು. ಜನ ಎದ್ದು ನಿಂತರು. ನಾನು ಜಾಲರಿ ಹಿಡಿದು "ಬಿಡಬೇಡ ಭಾವ, ಹಿಡ್ಕೋ!" ಎಂದು ಕೂಗಿದೆ. ಗದ್ದಲದಲ್ಲಿ ಅವನಿಗೆ ಕೇಳಲಿಲ್ಲ. ಅವನು ಎದ್ದ. ಬೋನಿನೊಳಗೆ ಮಣ್ಣಿರಲಿಲ್ಲ, ಟಾರ್ಪಾಲ್ ಇತ್ತು, ಅದನ್ನೇ ಮುಟ್ಟಿ ಹಣೆಗೆ ಒತ್ತಿಕೊಂಡ. ಆಮೇಲೆ ಬಿದ್ದವನನ್ನು ಎಬ್ಬಿಸಲು ಕೈ ಚಾಚಿದ. ಪುಣೆಯವನು ಆ ಕೈ ಹಿಡಿದೇ ಎದ್ದ. ಎದ್ದು, ನಿಯಮದ ಪ್ರಕಾರವೇ, ಇನ್ನೊಂದು ಕೈಯಲ್ಲಿ ದವಡೆಗೆ ಹೊಡೆದ.

ರೆಫ್ರಿ ಬಂದು ಬಿಡಿಸುವಷ್ಟರಲ್ಲಿ ಮುಗಿದಿತ್ತು. ಜನಕ್ಕೆ ಅರ್ಥವಾಗಲೇ ಇಲ್ಲ. ಅವರ ಕಣ್ಣಿಗೆ, ಗೆದ್ದವನನ್ನು ಸೋತವನು ಆಟ ಮುಗಿದ ಮೇಲೆ ಹೊಡೆದ, ಆಮೇಲೆ ರೆಫ್ರಿ ಆ ಸೋತವನ ಕೈಯನ್ನೇ ಎತ್ತಿ ಇವನು ಗೆದ್ದ ಎಂದ. ಕುರ್ಚಿಗಳು ಹಾರಿದವು. ಪುಣೆಯವನು ಜನ ಚದುರುವವರೆಗೆ ಬೋನಿನೊಳಗೇ ಕೂತಿದ್ದ, ಒಳಗಿನಿಂದ ಚಿಲಕ ಹಾಕಿಕೊಂಡು. ಮುಂಬಯಿಯವರು ಅವನನ್ನು ಕರೆದುಕೊಂಡು ಹೋದರು. ಭಾವ ದವಡೆಗೆ ತಂತಿ ಬಿಗಿಸಿಕೊಂಡು ಒಂದೂವರೆ ತಿಂಗಳು ಅಂಬಲಿ ಕುಡಿದ. ತಂತಿ ತೆಗೆದ ವಾರವೇ ಮಿಲ್ಲಿಗೆ ಹೋದ. ಮತ್ತೆ ಬೋನಿನೊಳಗೆ ಕಾಲಿಡಲಿಲ್ಲ.

ಪಂದ್ಯ ಮುಗಿದ ಸಂಜೆಯೇ ನಾನು ಉರುಮೆಯವರ ಹತ್ತಿರ ಹೋಗಿದ್ದೆ. ಟಾಕೀಸಿನ ಹೊರಗೆ ವಾದ್ಯವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

"ಇದು ನಿಮ್ಮ ಕುಸ್ತಿ ಅಲ್ಲ, ಮುಗಿಯೋವರ್ಗೂ ಗೆಲುವಿನ ಬಡಿತ ಬಡೀಬಾರದು ಅಂತ ಗೊತ್ತಾಗಲ್ವಾ? ಅವನ ಬದುಕೇ ಹಾಳ್ಮಾಡಿದ್ರಿ," ಎಂದೆ.

ಅವರು ನನ್ನನ್ನೇ ನೋಡಿದರು. "ನಾನು ಬಡ್ದಿದ್ದು ಆಮ್ಯಾಲೆ ಸ್ವಾಮಿ."

"ಯಾವುದರ ಆಮೇಲೆ?"

"ಇರ್ಲಿ ಬಿಡ್ರಿ. ನೀವು ಓದಿದೋರು."

ಅದನ್ನು ಹೊಗಳಿಕೆ ಎಂದುಕೊಂಡೆ. ಮುಂದಿನ ತಿಂಗಳುಗಳಲ್ಲಿ ಸಿಕ್ಕವರಿಗೆಲ್ಲ ಉರುಮೆಯ ಕತೆ ಹೇಳಿದೆ. ಕಾರ್ಯಕಾರಣ ಸಂಬಂಧ ಅಷ್ಟು ಸ್ಪಷ್ಟವಾಗಿತ್ತು. ಆಮೇಲೆ ಎರಡು ವರ್ಷ ನಮ್ಮ ಕಡೆಯ ಕುಸ್ತಿಗಳಿಗೆ ಆ ವಾದ್ಯದವರನ್ನು ಕರೆಯಲಿಲ್ಲ, ರಾಯದುರ್ಗದಿಂದ ಬೇರೆಯವರನ್ನು ಕರೆಸಿದರು. ಆಮೇಲೆ ಅವರು ತೀರಿಕೊಂಡರು.

ಭಾವನನ್ನು ಒಂದೇ ಒಂದು ಸಲ ನೇರವಾಗಿ ಕೇಳಿದ್ದೇನೆ, ಮಿಲ್ಲಿನ ಮುಂದೆ ಚಹಾ ಕುಡಿಯುತ್ತ. "ನಿನಗೆ ಗೊತ್ತಿತ್ತಲ್ಲ ಭಾವ. ಮತ್ತೆ ಯಾಕೆ ಎದ್ದೆ? ಉರುಮೆ ಕೇಳಿ ತಾನೆ?"

ಅವನು ಚಹಾ ಊದಿ ಒಂದು ಗುಟುಕು ಕುಡಿದ. "ಯಾರೋ ಮುಗೀತು ಅಂದಂಗಾಯ್ತು."

"ಯಾರು?"

"ಗದ್ದಲ ಇತ್ತಲ್ಲಲೇ. ಬಿಡು. ನಿನ್ನ ಕೆಲಸದ್ದು ಏನಾಯ್ತು, ಅದು ಹೇಳು."

ನಾನು ಆಗ ಮೂರನೆಯ ಕೆಲಸ ಬಿಟ್ಟಿದ್ದೆ. ಅದರ ಕಾರಣಗಳನ್ನು ವಿವರಿಸಿದೆ.

ಆ ಪಂದ್ಯದ ವಿಡಿಯೊ ತೆಗೆದಿದ್ದರು ಎಂಬುದೇ ನನಗೆ ತಿಳಿದಿರಲಿಲ್ಲ. ಹಲವು ವರ್ಷಗಳ ನಂತರ ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಸಲು ಚಳ್ಳಕೆರೆಯ ಒಂದು ಸ್ಟುಡಿಯೊಗೆ ಹೋದಾಗ, ಅದರ ಮಾಲೀಕರು ನನ್ನ ಮುಖವನ್ನು ದಿಟ್ಟಿಸಿ, "ನೀವು ಮೊಳಕಾಲ್ಮೂರಿನ ಬೋನಿನ ಕುಸ್ತೀಲಿ ಇದ್ರಲ್ಲ?" ಎಂದರು. ನಾನು ಹೌದೆಂದೆ. ನನಗೆ ಸಿ.ಡಿ. ಬೇಕು ಎಂದೆ. ಉರುಮೆಯ ವಿಷಯದಲ್ಲಿ ಸಾಕ್ಷಿ ಸಿಕ್ಕಿತೆಂದು ನನಗೆ ಉತ್ಸಾಹವೇ ಆಗಿತ್ತು.

"ನಿಮ್ಮ ಭಾವ ಆಗ್ಲೇ ಒಂದು ಒಯ್ದಿದಾರೆ ರಿ," ಎಂದರು ಅವರು. "ದವಡೆ ತಂತಿ ಇನ್ನೂ ಇತ್ತು. ಇಲ್ಲೇ ಸ್ಟೂಲ್ ಮೇಲೆ ಕೂತು, ಒಂದೇ ಜಾಗ ನಾಕು ಸಲ ಹಿಂದಕ್ಕೆ ಹಾಕ್ಸಿ ನೋಡಿದ್ರು. ಯಾರಿಗೂ ತೋರಿಸಬ್ಯಾಡ್ರಿ ಅಂತ ಕೈಯಲ್ಲಿ ಬರೆದು ತೋರಿಸಿದ್ರು."

"ಮತ್ತೆ ನನಗೆ ಯಾಕೆ ಕೊಡ್ತಿದೀರಿ?"

"ನೀವೇ ಅಲ್ವಾ ರಿ ಅದ್ರಾಗೆ ಇರೋದು."

ಮನೆಗೆ ತಂದು ಹಾಕಿದೆ. ಚಿತ್ರ ಮಸುಕು, ಶಬ್ದ ಸ್ಪಷ್ಟ. ಭಾವ ಎತ್ತಿ ಕೆಡವುತ್ತಾನೆ. ಭುಜ ತಾಗುತ್ತದೆ. ಅವನು ಇನ್ನೂ ಬಿಟ್ಟಿಲ್ಲ, ಬಲಗೈ ಪುಣೆಯವನ ಕತ್ತಿನ ಕಡೆಗೇ ಹೊರಟಿದೆ. ಉರುಮೆ ಇನ್ನೂ ನಿಧಾನದಲ್ಲೇ ಇದೆ. ಜನ ಇನ್ನೂ ಎದ್ದಿಲ್ಲ. ಬೋನಿನ ಎಡ ಮೂಲೆಯಲ್ಲಿ ಒಬ್ಬ ಮನುಷ್ಯ ಎರಡೂ ಕೈ ಮೇಲೆತ್ತಿ ಹಾರುತ್ತಾನೆ. ಉರುಮೆಯವರು ತಲೆ ಎತ್ತಿ ಅವನ ಕಡೆ ನೋಡುತ್ತಾರೆ, ಆಮೇಲೆ ಬಡಿತ ತಿರುಗುತ್ತದೆ. ಆಮೇಲೆ ಭಾವನ ಕೈ ನಿಲ್ಲುತ್ತದೆ.

ಬೇರೆ ಬೇರೆ ದಿನ, ಬೇರೆ ಬೇರೆ ಯಂತ್ರದಲ್ಲಿ ಹಾಕಿ ಕೇಳಿದ್ದೇನೆ. ಕೈ ಎತ್ತಿದ ಮನುಷ್ಯ ನಾನು, ಮತ್ತು ನಾನು ಕೂಗಿದ್ದು ಇಷ್ಟು: "ಚಿತ್ತಾಯ್ತು ಭಾವ, ಏಳು!"