ತಣ್ಣನೆಯ ಗಾಜು

ಮತ್ತಿಕೆರೆಯ ಫಕೀರಪ್ಪನ ಪೆಟ್ರೋಲ್ ಟ್ಯಾಕ್ಸಿ ಕಿಲೋಮೀಟರಿಗೆ ಏಳು ರೂಪಾಯಿ ಕುಡಿಯುತ್ತಿತ್ತು. ಪಕ್ಕದ ಮನೆಯ ವಿಜಯ್ ಕುಮಾರನ ಹೊಸ ಎಲೆಕ್ಟ್ರಿಕ್ ಟ್ಯಾಕ್ಸಿಗೆ ಎರಡೇ ಸಾಕು. “ಪೆಟ್ರೋಲ್ ಬಂಕ್ ದಾರೀನೇ ಮರ್ತೋಯ್ತು ಗುರು” ಎಂದು ಅವನು ಟೀ ಅಂಗಡಿಯಲ್ಲಿ ಹೇಳಿದಾಗಲೆಲ್ಲ ಫಕೀರಪ್ಪನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

“ಚಾರ್ಜ್ ಮಾಡಾಕ ತಾಸುಗಟ್ಲೆ ಕಾಯಬೇಕಲ್ಲೋ ತಮ್ಮಾ” ಎಂದು ಚುಚ್ಚುತ್ತಿದ್ದ. ಅವನಿಗಿದ್ದ ಸಮಾಧಾನ ಅದೊಂದೇ.

ಏಪ್ರಿಲ್‌ನ ಒಂದು ಮಧ್ಯಾಹ್ನ ಹೆಬ್ಬಾಳದಲ್ಲಿ ಗಿರಾಕಿಯನ್ನು ಇಳಿಸಿದಾಗ, ಎದುರಿನ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ವಿಜಯ್ ಕುಮಾರನ ಬಿಳಿ ಕಾರು ಕಂಡಿತು. ಬಾಡಿಗೆಯಿಲ್ಲದೆ ಬಿಸಿಲಲ್ಲಿ ಒಣಗುತ್ತಿರುವ ಮುಖವನ್ನು ಕಣ್ತುಂಬ ನೋಡಬೇಕೆಂದು ಫಕೀರಪ್ಪ ಪಕ್ಕದಲ್ಲೇ ಕಾರು ನಿಲ್ಲಿಸಿ, ಇಳಿದು, ಗಾಜಿಗೆ ಹಣೆ ಆನಿಸಿ ಇಣುಕಿದ.

ಗಾಜು ತಣ್ಣಗಿತ್ತು. ಒಳಗೆ ವಿಜಯ್ ಕುಮಾರ್ ಸೀಟು ಮಲಗಿಸಿ, ಏಸಿ ಹಾಕಿಕೊಂಡು, ಕತ್ತಿನವರೆಗೆ ಟವೆಲ್ ಹೊದ್ದು ಗೊರಕೆ ಹೊಡೆಯುತ್ತಿದ್ದ.

ಗಿರಾಕಿ ಇಳಿದೊಡನೆ ಏಸಿ ಆರಿಸಿ ಪೆಟ್ರೋಲ್ ಉಳಿಸುವುದು ಫಕೀರಪ್ಪನ ಎಷ್ಟೋ ವರ್ಷಗಳ ರೂಢಿ. ಅವನು ತನ್ನ ಕಾರಿಗೆ ಮರಳಿ, ಸುಡುವ ಸೀಟಿನಲ್ಲಿ ಕೂತು, ನಾಲ್ಕೂ ಕಿಟಕಿ ಇಳಿಸಿದ. ಆ ನಿದ್ದೆಯನ್ನಾದರೂ ಕೆಡಿಸೋಣವೆಂದು ಉದ್ದಕ್ಕೆ ಹಾರ್ನ್ ಒತ್ತಿದ.

ವಿಜಯ್ ಕುಮಾರ್ ಮಗ್ಗುಲು ಬದಲಿಸಿ, ಟವೆಲನ್ನು ಕಿವಿಯವರೆಗೆ ಎಳೆದುಕೊಂಡ.