ನಮ್ಮ ಕ್ಲಬ್ಬಿಗೆ ನಾನು ಹಾಕಿದ ರುಜು

ನಮ್ಮ ಫುಟ್‌ಬಾಲ್ ಕ್ಲಬ್ಬನ್ನು ಒಬ್ಬ ವಕೀಲರು ಕಟ್ಟಿದರು ಎಂದು ಮೈಸೂರಿನಲ್ಲಿ ಈಗಲೂ ಹೇಳುವವರಿದ್ದಾರೆ. ಸುಳ್ಳು. ಅವರು ಬರುವ ಹೊತ್ತಿಗೆ ಕ್ಲಬ್ಬಿಗೆ ಹದಿನೈದು ವರ್ಷ ತುಂಬಿತ್ತು.

ಕಟ್ಟಿದವರು ನಾವು. ಸ್ವಾತಂತ್ರ್ಯ ಬಂದ ವರ್ಷ, ಜಟಕಾ ಹೊಡೆಯುವವರು, ಗಿರಣಿಗೆ ಹೋಗುವವರು, ಇಬ್ಬರು ಬಡಗಿಗಳು, ಎಲ್ಲ ಸೇರಿ ಹನ್ನೊಂದು ಜನ. ನಾನು ಕುದುರೆಗಳ ಲಗಾಮು, ಎದೆಪಟ್ಟಿ ಹೊಲಿಯುವವನು. ಬೇಸಾಯದ ಮನೆಯಲ್ಲಿ ಹುಟ್ಟಿದವನು ಚರ್ಮ ಹೊಲಿಯಲು ಕೂತನೆಂದು ನೆಂಟರು ಮೂಗು ಮುರಿದರು. ಮುರಿದುಕೊಳ್ಳಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ, ನನ್ನ ಹೊಲಿಗೆ ಬಿಚ್ಚಿತೆಂದು ಯಾವ ಕುದುರೆಯವನೂ ಅಂಗಡಿಗೆ ವಾಪಸು ಬಂದದ್ದಿಲ್ಲ.

ಪಾಳುಬಿದ್ದ ಜಾಗವೊಂದರಲ್ಲಿ ಕಳ್ಳಿ ಕಡಿದು, ಕಲ್ಲು ಆರಿಸಿ ಮೈದಾನ ಮಾಡಿಕೊಂಡೆವು. ಕೊಂಡು ತಂದ ಚೆಂಡು ಒಂದೇ ಮಳೆಗಾಲಕ್ಕೆ ಹರಿಯಿತು. ಅದನ್ನು ಬಿಚ್ಚಿ, ತುಂಡು ತುಂಡಾಗಿ ಹಾಸಿ, ಅಳತೆ ತೆಗೆದು, ಲಗಾಮಿನ ಚರ್ಮದಲ್ಲೇ ಇನ್ನೊಂದು ಹೊಲಿದೆ. ಮೊದಲ ದಿನ ಅದಕ್ಕೆ ತಲೆ ಕೊಟ್ಟ ನಮ್ಮ ಕ್ಯಾಪ್ಟನ್, ಜಟಕಾ ಹೊಡೆಯುವವನು, ಹಣೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ.

"ಇದು ಚೆಂಡಲ್ಲ ಕಣ್ಲಾ, ಕುಂಬಳಕಾಯಿ. ಸಾಂಬಾರ್ ಮಾಡ್ಬುಡು!"

ಆ ಕುಂಬಳಕಾಯಿಯಲ್ಲೇ ಬರಿಗಾಲಲ್ಲಿ ಆಡಿದೆವು. ಹೆಬ್ಬೆರಳಿಗೆ ಹಳೆಯ ಪಂಚೆಯ ಪಟ್ಟಿ ಸುತ್ತಿಕೊಂಡರೆ ಮುಗಿಯಿತು. ಬೂಟು ಹಾಕಿ ಬಂದ ಬೆಂಗಳೂರಿನ ತಂಡವನ್ನೂ ಸೋಲಿಸಿ ಕಳಿಸಿದ್ದೇವೆ.

ಅರವತ್ತರ ದಶಕ ಶುರುವಾದ ಮೇಲೆ, ದೊಡ್ಡ ಪಂದ್ಯಗಳಿಗೆ ಸೇರಬೇಕಾದರೆ ಕ್ಲಬ್ಬು ರಿಜಿಸ್ಟರ್ ಆಗಿರಬೇಕು ಎಂದರು. ಆ ವಕೀಲರು ಭಾನುವಾರದ ಆಟ ನೋಡಲು ಮಡಚುವ ಕುರ್ಚಿ ತರಿಸಿಕೊಂಡು ಬರುತ್ತಿದ್ದವರು. "ಕಾಗದ ಪತ್ರ ಎಲ್ಲಾ ನಾನು ಮಾಡಿಸ್ತೀನಿ" ಅಂದರು. ಕ್ಲಬ್ಬಿನ ಪರವಾಗಿ ರುಜು ಹಾಕಲು ಎಲ್ಲರೂ ನನ್ನನ್ನು ಕಳಿಸಿದರು. ಅಷ್ಟೋ ಇಷ್ಟೋ ಶಾಲೆಗೆ ಹೋದವನು ನಾನೊಬ್ಬನೇ ಅಲ್ಲವೇ.

ಕೃಷ್ಣಮೂರ್ತಿಪುರಂನ ಅವರ ಮನೆಗೆ ಕ್ಯಾಪ್ಟನ್ನೇ ಜಟಕಾದಲ್ಲಿ ಕರೆದೊಯ್ದ. ಅವನು ಗೇಟಿನ ಹೊರಗೆ ಕುದುರೆಯ ಹತ್ತಿರ ನಿಂತ. ಒಳಗೆ ವಕೀಲರು ಇಂಗ್ಲಿಷಿನಲ್ಲಿ ಟೈಪು ಮಾಡಿದ ಕ್ಲಬ್ಬಿನ ಕಾನೂನಿನ ಹಾಳೆಗಳನ್ನು ನನ್ನ ಮುಂದಿಟ್ಟರು.

"ಓದೋಕ್ಕೆ ಬರುತ್ತೇನಪ್ಪಾ? ಇಲ್ಲಾಂದ್ರೆ ನಾನೇ ಓದಿ ಹೇಳ್ತೀನಿ."

ಅವರ ಗುಮಾಸ್ತ ನನ್ನ ಕೈಯಲ್ಲಿ ಹೊಲಿಗೆ ದಾರಕ್ಕೆ ಸವರುವ ಮೇಣದ ಕಲೆಯನ್ನೇ ನೋಡುತ್ತಿದ್ದ. "ಬರುತ್ತೆ ಸ್ವಾಮಿ" ಅಂದೆ. ಬರುತ್ತಿರಲಿಲ್ಲ. ಒಂದೊಂದು ಹಾಳೆಗೂ ಸಾಕಷ್ಟು ಹೊತ್ತು ಕೊಟ್ಟು ತಿರುವಿದೆ. ಒಂದು ಕಡೆ ಸಾಲಿನ ಕೆಳಗೆ ಬೆರಳಿಟ್ಟೆ. ಒಂದು ಹಾಳೆಯನ್ನು ಹಿಂದಕ್ಕೆ ತಿರುಗಿಸಿ, ಹೌದು ಎಂಬಂತೆ ತಲೆಯಾಡಿಸಿದೆ. ಆಮೇಲೆ ರುಜು ಹಾಕಿದೆ.

ಕೋರ್ಟಿನ ಕಟಕಟೆಯಲ್ಲಿ ಸುಳ್ಳು ಹೇಳುವವರ ಮುಖ ದಿನವೂ ನೋಡುವ ಮನುಷ್ಯನಿಗೆ ನನ್ನ ಮುಖ ತಿಳಿಯಲಿಲ್ಲವೇ? ತಿಳಿಯಿತು. ತಿಳಿದೂ ಸುಮ್ಮನೆ ಪೆನ್ನು ಕೊಟ್ಟರು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಎಲ್ಲಾ ಓದ್ದೇನ್ಲಾ?" ಗೇಟಿನ ಬಳಿ ಕ್ಯಾಪ್ಟನ್ ಕೇಳಿದ.

"ಸರ್ಯಾಗೇ ಅದೆ ಕಣಣ್ಣ."

ಮುಂದಿನ ವರ್ಷ ಶಾಲೆಯೊಂದರ ಹಾಲಿನಲ್ಲಿ ಕ್ಲಬ್ಬಿನ ಸಭೆ. ಒಗೆದ ಬಟ್ಟೆ ಹಾಕಿಕೊಂಡು ಹನ್ನೊಂದೂ ಜನ ಹೋದೆವು. ಬಾಗಿಲಲ್ಲಿ ಗುಮಾಸ್ತ ಪಟ್ಟಿ ಹಿಡಿದು ತಡೆದ. ನಮ್ಮ ಹೆಸರು ಅದರಲ್ಲಿರಲಿಲ್ಲ. ಗಲಾಟೆ ಕೇಳಿ ವಕೀಲರು ಹೊರಗೆ ಬಂದು, ಬಹಳ ಮರ್ಯಾದೆಯಿಂದ ಹೇಳಿದರು: ಎಸ್.ಎಸ್.ಎಲ್.ಸಿ. ಪಾಸಾದವರಿಗೆ ಮಾತ್ರ ಸದಸ್ಯತ್ವ, ಬೂಟು ಇದ್ದವರಿಗೆ ಮಾತ್ರ ಆಟ, ಎಲ್ಲ ಕಾನೂನಿನಲ್ಲೇ ಇದೆ.

"ನಿಮ್ಮವರೇ ಓದಿ ರುಜು ಹಾಕಿದಾರಲ್ಲಪ್ಪಾ."

ಕ್ಯಾಪ್ಟನ್ ಒಂದು ಹೆಜ್ಜೆ ಮುಂದೆ ಹೋದ. "ಇವ್ನು ಓದವ್ನೆ ಸ್ವಾಮಿ! ಆವತ್ತು ಅದ್ರಲ್ಲಿ ಇದು ಇರ್ನಿಲ್ಲ. ಆಮ್ಯಾಕೆ ನೀವೇ ತುರುಕಿದ್ದೀರಿ!" ಅನ್ನುತ್ತಾ ವಕೀಲರ ಕೋಟಿಗೆ ಕೈ ಹಾಕಿಬಿಟ್ಟ. ಗುಮಾಸ್ತ ಪೋಲೀಸಿಗೆ ಹೇಳಿಕಳಿಸುತ್ತೇನೆಂದು ಕೂಗಿದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಕ್ಯಾಪ್ಟನ್ ಲಾಕಪ್ಪಿಗೆ ಹೋಗುತ್ತಿದ್ದ.

"ಬುಡಣ್ಣ. ನಂಗೆ ಇಂಗ್ಲೀಸು ಬರಕ್ಕಿಲ್ಲ. ಓದ್ನೇ ಇಲ್ಲ ನಾನು."

ಅವನ ಕೈ ಕೋಟಿನಿಂದ ಜಾರಿತು. ವಕೀಲರು ಕೋಟು ಸರಿಮಾಡಿಕೊಳ್ಳುತ್ತಾ "ಪಾಪ" ಅಂದರು. ಆ ಒಂದು ಮಾತಿಗೆ ಕ್ಷಮೆಯಿಲ್ಲ. ನಾನು ಅವರ ಹಾದಿಗೆ ಅಡ್ಡ ನಿಂತೆ.

"ಪಾಪ ಅನ್ಬ್ಯಾಡಿ. ಆವತ್ತು ಓದಿ ಹೇಳ್ತೀನಿ ಅಂದ್ರಲ್ಲ, ಈಗ ಓದಿ. ಇಲ್ಲೇ, ಕನ್ನಡದಲ್ಲಿ, ಎಲ್ರೂ ಕೇಳೋ ಹಂಗೆ."

ಒಳಗೆ ಕೂತಿದ್ದ ಹೊಸ ಸದಸ್ಯರು ಬಾಗಿಲಿಗೆ ಬಂದು ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ವಕೀಲರು ಒಂದೊಂದೇ ಕಾನೂನು ಓದಿ ಅರ್ಥ ಹೇಳಿದರು. ನಮ್ಮ ಮೈದಾನ, ನಮ್ಮ ಗೋಲಿನ ಬಲೆ, ಗೆದ್ದ ಕಪ್ಪುಗಳು, ಎಲ್ಲವೂ ಸದಸ್ಯರ ಆಸ್ತಿ. ನಾವು ಸದಸ್ಯರಲ್ಲ. ಕೇಳಿಸಿಕೊಂಡು ಮನೆಗೆ ಹೋದೆವು.

ಕ್ಯಾಪ್ಟನ್ ನನ್ನ ಜೊತೆ ಮಾತು ಬಿಟ್ಟ. ದಿನಾ ನನ್ನ ಅಂಗಡಿಯ ಮುಂದೆಯೇ ಅವನ ಜಟಕಾ ಹೋಗುತ್ತಿತ್ತು. ಕುದುರೆಯ ಎದೆಪಟ್ಟಿಯ ಚರ್ಮ ಸವೆದು ಹರಿದಾಗ ಬೇರೆ ಅಂಗಡಿಯಲ್ಲಿ ಹೊಲಿಸಿದ. ಉದ್ದುದ್ದ ಹೊಲಿಗೆ, ಸಡಿಲ ಗಂಟು. ವಾರದೊಳಗೆ ಅದು ಕುದುರೆಯ ಎದೆ ಉಜ್ಜಿ ಕೂದಲು ಉದುರಿಸಿತ್ತು. ಅದನ್ನು ಕಂಡ ದಿನ ತಡೆಯಲಾಗಲಿಲ್ಲ. ಬೀದಿಗೆ ನುಗ್ಗಿ ಲಗಾಮು ಹಿಡಿದು ನಿಲ್ಲಿಸಿದೆ. ಹಿಂದೆ ಸವಾರಿ ಕೂತಿದ್ದ ಮುದುಕಿ "ಯಾಕಪ್ಪಾ, ಏನಾಯ್ತು?" ಎಂದು ಗಾಬರಿಯಾದಳು.

"ನನ್ ಮ್ಯಾಲೆ ಸಿಟ್ಟಿದ್ರೆ ನಂಗೆ ಒದಿ! ಮೂಕಪ್ರಾಣಿ ಏನ್ ರುಜು ಹಾಕಿತ್ತು?"

ಅವನು ಕೆಳಗಿಳಿದ. ಒದೆಯುತ್ತಾನೆಂದೇ ನಿಂತಿದ್ದೆ. ಎದೆಪಟ್ಟಿ ಬಿಚ್ಚಿ ನನ್ನ ಎದೆಗೇ ಎಸೆದ.

"ಹೊಲಿ. ಬಾಯಿ ಮಾತ್ರ ಬುಡ್ಬ್ಯಾಡ."

ಮುದುಕಿಯನ್ನು ಬೀದಿಯಲ್ಲೇ ಕಾಯಿಸಿ, ಹಳೆಯ ಹೊಲಿಗೆಯನ್ನೆಲ್ಲ ಕಿತ್ತುಹಾಕಿ, ಮೊದಲಿಂದ ಹೊಲಿದುಕೊಟ್ಟೆ.